ಪ್ರಶಸ್ತಿ ಉಳಿಯಿತು, ಚಿತ್ರ ಎಲ್ಲಿ?

ಕನ್ನಡ ಚಿತ್ರರಂಗದ ಹಿರಿಮೆಯ ಮಾತು ಬಂದಾಗಲೆಲ್ಲ ನಮ್ಮ ಬಾಯಲ್ಲಿ ಒಂದು ಪಟ್ಟಿ ತಾನಾಗಿಯೇ ಬರುತ್ತದೆ. 1970ರಲ್ಲಿ ‘ಸಂಸ್ಕಾರ’ಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ, ಮರುವರ್ಷ ‘ವಂಶವೃಕ್ಷ’ಕ್ಕೆ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ, 1973ರಲ್ಲಿ ‘ಕಾಡು’, 1975ರಲ್ಲಿ ‘ಚೋಮನ ದುಡಿ’ಗೆ ಸ್ವರ್ಣಕಮಲ, ಅದೇ ವರ್ಷ ‘ಹಂಸಗೀತೆ’, 1976ರಲ್ಲಿ ಲಂಕೇಶರ ‘ಪಲ್ಲವಿ’ಗೆ ಮತ್ತೆ ನಿರ್ದೇಶನದ ಪ್ರಶಸ್ತಿ, 1977ರಲ್ಲಿ ‘ಘಟಶ್ರಾದ್ಧ’ಕ್ಕೆ ಇನ್ನೊಂದು ಸ್ವರ್ಣಕಮಲ. ಎಂಟು ವರ್ಷಗಳ ಒಳಗೆ ಒಂದು ಭಾಷೆಯ ಸಿನಿಮಾ ಇಷ್ಟು ಎತ್ತರಕ್ಕೆ ಏರಿದ್ದು ದೇಶದಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಉದಾಹರಣೆ. ರಾಜ್ಯೋತ್ಸವದ ಭಾಷಣಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳಲ್ಲಿ ಈ ಪಟ್ಟಿ ಭದ್ರವಾಗಿದೆ. ಆದರೆ ಇವತ್ತು ಇಪ್ಪತ್ತೈದು ದಾಟದ ಓದುಗನೊಬ್ಬ ಈ ಏಳು ಚಿತ್ರಗಳನ್ನು, ಅವುಗಳ ನಿರ್ದೇಶಕರು ಕಂಡ ರೂಪದಲ್ಲಿ, ಮನೆಯಲ್ಲಿ ಕೂತು ನೋಡಬೇಕೆಂದರೆ ಅಂಗಡಿಯಲ್ಲಿ ಕೊಳ್ಳುವ ಡಿಸ್ಕ್ ಇಲ್ಲ, ಇವನ್ನೆಲ್ಲ ಒಂದೆಡೆ ಜೋಪಾನವಾಗಿ ಇಟ್ಟುಕೊಟ್ಟ ವೇದಿಕೆಯೂ ಇಲ್ಲ. ಐವತ್ತು ವರ್ಷ ಕಳೆದ ಮೇಲೆ ಹಿಂತಿರುಗಿ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಈ ಅಂತರ. ಪ್ರಶಸ್ತಿಯನ್ನು ನಾವು ನೆನಪಿಟ್ಟುಕೊಂಡೆವು, ಪ್ರಶಸ್ತಿ ಬಂದ ಚಿತ್ರವನ್ನು ಕಾಪಾಡಿಕೊಳ್ಳುವ ಹೊಣೆಯನ್ನು ಯಾರ ಹೆಗಲಿಗೂ ಹೊರಿಸಲಿಲ್ಲ.

ಆ ದಶಕದ ಹುಮ್ಮಸ್ಸನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅನಂತಮೂರ್ತಿಯವರ ಕಾದಂಬರಿ ಬಂದು ಐದೇ ವರ್ಷಕ್ಕೆ ಪಟ್ಟಾಭಿರಾಮ ರೆಡ್ಡಿಯವರು ಶೃಂಗೇರಿಯ ಹತ್ತಿರದ ವೈಕುಂಠಪುರದ ಅಗ್ರಹಾರದಲ್ಲಿ ‘ಸಂಸ್ಕಾರ’ವನ್ನು ಚಿತ್ರೀಕರಿಸಿದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥರದ್ದು, ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ ನಿಷೇಧ ತೆಗೆದ ಮೇಲೆ ಅದೇ ಚಿತ್ರಕ್ಕೆ ದೇಶದ ಅತ್ಯುನ್ನತ ಗೌರವ ಬಂತು. ಸ್ನೇಹಲತಾ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಕನ್ನಡಿಗರ ಪಾಲಿಗೆ ಅವರ ಮುಖ, ನಡಿಗೆ, ಮೌನ ಎಲ್ಲವೂ ಉಳಿದಿರುವುದು ಮುಖ್ಯವಾಗಿ ಆ ಕಪ್ಪು–ಬಿಳುಪು ಚಿತ್ರದಲ್ಲಿ. ‘ಸಂಸ್ಕಾರ’ದ ಒಳ್ಳೆಯ ಪ್ರತಿ ಕೈಗೆ ಸಿಗುವುದಿಲ್ಲವೆಂದರೆ, ನಮ್ಮ ನಾಡಿನ ರಾಜಕೀಯ ಚರಿತ್ರೆಯ ಒಂದು ಸಾಕ್ಷಿಯೂ ಸಿಗುವುದಿಲ್ಲವೆಂದೇ ಅರ್ಥ.

ಆಗ ಈ ಚಿತ್ರಗಳು ಜನರನ್ನು ತಲುಪಿದ ದಾರಿಯೇ ಬೇರೆ. ದೊಡ್ಡ ಊರುಗಳಲ್ಲಿ ಬೆಳಗಿನ ಆಟ, ಒಂದು ವಾರ ಓಡಿದರೆ ಅದೇ ಹೆಚ್ಚು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ, ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಶುರುಮಾಡಿದ ನೀನಾಸಂ ಚಿತ್ರಸಮಾಜ, ಇನ್ನೂ ಹಲವು ಊರುಗಳ ಕಾಲೇಜು ಉಪನ್ಯಾಸಕರ, ಬ್ಯಾಂಕ್ ನೌಕರರ ಸಣ್ಣ ಸಣ್ಣ ಕೂಟಗಳು ರೀಲಿನ ಡಬ್ಬಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದು ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದವು. ಅಡಿಕೆ ಸುಲಿಯುವ ಕೈಗಳು ಕುರೊಸಾವಾನ ಚಿತ್ರವನ್ನೂ ಬಿ.ವಿ. ಕಾರಂತರ ಚಿತ್ರವನ್ನೂ ಒಂದೇ ಶ್ರದ್ಧೆಯಿಂದ ನೋಡಿದ ಕಾಲ ಅದು. ಒಳ್ಳೆಯ ಸಾಹಿತ್ಯವನ್ನು ಸಿನಿಮಾ ಮನೆಮನೆಗೆ ಮುಟ್ಟಿಸುತ್ತದೆ, ಓದಲು ಬಾರದವರಿಗೂ ಶಿವರಾಮ ಕಾರಂತರ ಚೋಮ, ತ.ರಾ.ಸು. ಅವರ ಸಂಗೀತಗಾರ ತಲುಪುತ್ತಾರೆ ಎಂಬುದು ಆ ಕಾಲ ಕೊಟ್ಟ ಭರವಸೆ. ಚೋಮನಾಗಿ ಎಂ.ವಿ. ವಾಸುದೇವ ರಾವ್ ಶ್ರೇಷ್ಠ ನಟನ ಪ್ರಶಸ್ತಿ ಪಡೆದರು, ‘ಹಂಸಗೀತೆ’ಗೆ ಹಾಡಿದ ಬಾಲಮುರಳೀಕೃಷ್ಣ ಶ್ರೇಷ್ಠ ಗಾಯಕರಾದರು. ಭರವಸೆ ಸುಳ್ಳಾಗಿರಲಿಲ್ಲ. ಆದರೆ ಅದು ನಿಂತದ್ದು ನಾಲ್ಕಾರು ಪ್ರಿಂಟುಗಳ ಮೇಲೆ. ಪ್ರತಿ ಪ್ರದರ್ಶನದಲ್ಲೂ ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕು ಒಂದಿಷ್ಟು ಗೀರು, ಒಂದಿಷ್ಟು ಹರಕು ಸೇರುತ್ತಲೇ ಹೋಯಿತು. ಹರಿದಲ್ಲಿ ಕತ್ತರಿಸಿ ಅಂಟಿಸಿದರು, ಕತ್ತರಿಸಿದ ಫ್ರೇಮು ಹೋದಲ್ಲಿಗೆ ಹೋಯಿತು.

1980ರ ದಶಕ ದೂರದರ್ಶನವನ್ನು ತಂದಿತು. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರದಿಯ ಮೇಲೆ ಬರುತ್ತಿದ್ದ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ಮರೆಯಲಾದೀತೇ? ಕನ್ನಡದ ಸರದಿ ಬಂದ ವಾರ ಬೀದಿಯ ಟೀವಿ ಇದ್ದ ಮನೆಯ ಹಜಾರ ತುಂಬುತ್ತಿತ್ತು. ನಮ್ಮಲ್ಲಿ ಬಹಳ ಮಂದಿ ‘ಫಣಿಯಮ್ಮ’ನನ್ನು, ‘ತಬರನ ಕಥೆ’ಯ ತಬರನನ್ನು ಮೊದಲು ಕಂಡದ್ದು ಹಾಗೆ, ಇಂಗ್ಲಿಷ್ ಅಡಿಬರಹದ ಸಮೇತ. ಆ ಒಂದು ಪ್ರಸಾರ ಹತ್ತು ವರ್ಷಗಳ ಬೆಳಗಿನ ಆಟಗಳಿಗಿಂತ ಹೆಚ್ಚು ಜನರನ್ನು ಮುಟ್ಟಿತು ಎಂದರೆ ತಪ್ಪಾಗಲಾರದು. ಅದೇ ಹೊತ್ತಿಗೆ ವಿಡಿಯೊ ಕ್ಯಾಸೆಟ್ ಬಂತು. ಪೇಟೆಬೀದಿಯಲ್ಲಿ ಕ್ಯಾಸೆಟ್ ಲೈಬ್ರರಿಗಳು ಎದ್ದವು, ಮದುವೆಮನೆಗೆ, ಗಣಪತಿ ಪೆಂಡಾಲಿಗೆ ವಿಸಿಆರ್ ಬಾಡಿಗೆಗೆ ಬಂತು. ಬೇಕಾದ ಚಿತ್ರವನ್ನು ಬೇಕಾದಾಗ ನೋಡುವ ಸ್ವಾತಂತ್ರ್ಯ ಸಾಮಾನ್ಯರಿಗೆ ಸಿಕ್ಕಿದ್ದು ಆಗಲೇ ಮೊದಲು. ಆದರೆ ಆ ಲೈಬ್ರರಿಗಳ ಕಪಾಟಿನಲ್ಲಿ ಇದ್ದದ್ದು ಬಾಡಿಗೆಗೆ ಓಡುವ ಚಿತ್ರಗಳು. ರಾಜಕುಮಾರ್, ವಿಷ್ಣುವರ್ಧನ್, ಪುಟ್ಟಣ್ಣನವರ ಚಿತ್ರಗಳು ಸಿಕ್ಕವು, ಹಿಂದಿಯವು ಧಾರಾಳ. ‘ಕಾಡು’ ಕೇಳಿದರೆ ಅಂಗಡಿಯವರು ‘ಗಂಧದ ಗುಡಿ’ ತೆಗೆದುಕೊಡುತ್ತಿದ್ದರು. ಅವರ ತಪ್ಪೇನೂ ಅಲ್ಲ. ಅವರಿಗೆ ಪ್ರತಿ ಬರುವ ದಾರಿಯೇ ಇರಲಿಲ್ಲ. ಟೀವಿಯಿಂದ ಮನೆಯಲ್ಲೇ ಧ್ವನಿಮುದ್ರಿಸಿ, ಚಿತ್ರಮುದ್ರಿಸಿ ಇಟ್ಟುಕೊಂಡ ಆಸಕ್ತರೂ ಇದ್ದರು. ಮಲೆನಾಡಿನ ಎರಡು ಮಳೆಗಾಲ ದಾಟುವಷ್ಟರಲ್ಲಿ ಆ ಟೇಪುಗಳ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯಿತು, ವಿಸಿಆರ್‌ನ ಹೆಡ್ಡಿಗೆ ಅದು ಅಂಟಿ ಯಂತ್ರವೂ ಕೆಟ್ಟಿತು.

ಆಮೇಲೆ ಬಂದದ್ದು ವಿಸಿಡಿ. 1990ರ ದಶಕದ ಕೊನೆಗೆ ಶುರುವಾಗಿ ಮುಂದಿನ ಹತ್ತು ವರ್ಷ ಅದೇ ರಾಜ್ಯವಾಳಿತು. ಮೋಸರ್ ಬೇರ್ ಕಂಪನಿ ಇಪ್ಪತ್ತೆಂಟು ರೂಪಾಯಿಗೆ ವಿಸಿಡಿ, ಮೂವತ್ತನಾಲ್ಕಕ್ಕೆ ಡಿವಿಡಿ ಮಾರಿದಾಗ ಕಿರಾಣಿ ಅಂಗಡಿಯಲ್ಲೂ ಸಿನಿಮಾ ತೂಗುಹಾಕಿಕೊಂಡಿತು. ನೂರಾರು ಹಳೆಯ ಕನ್ನಡ ಚಿತ್ರಗಳು ಮೊದಲ ಬಾರಿಗೆ ಮನೆ ಸೇರಿದ್ದು ಆಗಲೇ. ಆ ಉಪಕಾರವನ್ನು ಮರೆಯಬಾರದು. ಆದರೆ ಮನೆ ಸೇರಿದ್ದು ಏನು ಎಂದು ಈಗ ಯೋಚಿಸಿದರೆ ಸಂಕಟವಾಗುತ್ತದೆ. 352 ಅಡ್ಡ, 288 ಉದ್ದದ ಚುಕ್ಕಿಗಳಲ್ಲಿ ಇಡೀ ಚಿತ್ರ. ಒಂದು ಡಿಸ್ಕಿಗೆ ಹಿಡಿಸುವುದು ಎಂಬತ್ತು ನಿಮಿಷದೊಳಗೆ, ಆದ್ದರಿಂದ ಮಾತಿನ ನಡುವೆಯೇ ಚಿತ್ರ ನಿಂತು ಎರಡನೆಯ ಡಿಸ್ಕ್ ಹಾಕಬೇಕು. ಮೂರನೆಯ ಡಿಸ್ಕಿನ ಖರ್ಚು ಉಳಿಸಲು ಎಷ್ಟೋ ಚಿತ್ರಗಳಲ್ಲಿ ದೃಶ್ಯಗಳನ್ನೇ ತೆಗೆದರು. ಅಗಲ ಪರದೆಯ ಚಿತ್ರವಾದರೆ ಎರಡೂ ಬದಿ ಕತ್ತರಿಸಿದ ಚೌಕ. ಮಾತಾಡುವ ಇಬ್ಬರಲ್ಲಿ ಒಬ್ಬರ ಮೂಗು ಮಾತ್ರ ಕಾಣುತ್ತದೆ. ಮೂಲೆಯಲ್ಲಿ ಕಂಪನಿಯ ಗುರುತು, ಹಾಡಿನ ಹೊತ್ತಿಗೆ ಅಡಿಯಲ್ಲಿ ಹರಿಯುವ ಜಾಹೀರಾತು. ಇನ್ನು ಕಪ್ಪು–ಬಿಳುಪು ಚಿತ್ರದ ರಾತ್ರಿಯ ದೃಶ್ಯಗಳ ಪಾಡು ಹೇಳತೀರದು. ‘ಘಟಶ್ರಾದ್ಧ’ದಲ್ಲಿ ಬಾಲಕ ನಾಣಿ ಯಮುನಕ್ಕನ ಬೆನ್ನಿಗೆ ಕತ್ತಲ ಕಾಡಿನಲ್ಲಿ ನಡೆಯುವಾಗ ಎಸ್. ರಾಮಚಂದ್ರ ಅವರ ಕ್ಯಾಮೆರಾ ಕತ್ತಲೊಳಗೆ ಎಷ್ಟು ಬಗೆಯ ಬೂದು ಬಣ್ಣ ಕಂಡಿದೆ ಎಂಬುದು ಥಿಯೇಟರಿನಲ್ಲಿ ನೋಡಿದವರಿಗೆ ಗೊತ್ತು. ಟೇಪಿನಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ ಇಳಿದ ಪ್ರತಿಗಳಲ್ಲಿ ಅಂಥ ಕಾಡು ಒಂದು ಕರಿ ಮುದ್ದೆ. ಹುಡುಗನ ಹೆದರಿಕೆ ಆ ಮುದ್ದೆಯೊಳಗೆ ಕಾಣುವುದಿಲ್ಲ. ಇಂಥ ಪ್ರತಿ ನೋಡಿದ ಎಳೆಯರು ಹಳೆಯ ಚಿತ್ರಗಳೆಂದರೆ ಮಬ್ಬು, ನಿಧಾನ, ಬೇಸರ ಎಂದುಕೊಂಡರೆ ಅವರನ್ನು ದೂರುವಂತಿಲ್ಲ.

ಜನಪ್ರಿಯ ಚಿತ್ರಗಳ ಕಥೆ ಸ್ವಲ್ಪ ಬೇರೆ. 1995ರ ‘ಓಂ’ ಸುಮಾರು ಎರಡು ದಶಕ ಕಿರುತೆರೆಗೆ ಬರಲಿಲ್ಲ. ಆ ಕಾಲವೆಲ್ಲ ಅದು ಥಿಯೇಟರುಗಳಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗುತ್ತಲೇ ಇತ್ತು. ಮನೆಯಲ್ಲಿ ಸಿಗದಿರುವುದೇ ಅದರ ಕೀರ್ತಿಯನ್ನು ಬೆಳೆಸಿತು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಬಂದವು. ಕಪ್ಪು–ಬಿಳುಪಿಗೆ ಬಣ್ಣ ಬಳಿಯುವುದು ಸರಿಯೇ ಎಂಬ ಬಗ್ಗೆ ನನಗೆ ಇಂದಿಗೂ ತಕರಾರಿದೆ, ಆದರೂ ಆ ನೆಪದಲ್ಲಿ ನೆಗೆಟಿವ್‌ಗೆ ಆರೈಕೆ ಸಿಕ್ಕಿತೆಂಬ ಸಮಾಧಾನವೂ ಇದೆ. ದುಡ್ಡು ಹುಟ್ಟುವ ಚಿತ್ರಕ್ಕೆ ಯಾರಾದರೊಬ್ಬರು ದಿಕ್ಕಾಗುತ್ತಾರೆ. ದಿಕ್ಕಿಲ್ಲದೆ ಉಳಿದದ್ದು ಪ್ರೀತಿಯಿದ್ದೂ ಮಾರುಕಟ್ಟೆಯಿಲ್ಲದ ಚಿತ್ರಗಳು.

ಹಾಗೆ ನೋಡಿದರೆ ಹಾಡುಗಳದ್ದು ಚಿತ್ರಗಳಿಗಿಂತ ಒಳ್ಳೆಯ ಅದೃಷ್ಟ. ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ಯನ್ನು ತಾವೇ ನಿರ್ದೇಶಿಸಿದರು, ಅದರ ಶೀರ್ಷಿಕೆ ಗೀತೆಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಹಾಡು ಗೊತ್ತಿಲ್ಲದ ಕನ್ನಡಿಗ ಅಪರೂಪ, ಸುಗಮ ಸಂಗೀತದ ವೇದಿಕೆಯಲ್ಲಿ ಇವತ್ತಿಗೂ ಅದಕ್ಕೆ ಚೀಟಿ ಬರುತ್ತದೆ. ಆ ಚಿತ್ರ ನೋಡಿದವರು ಎಷ್ಟು ಜನ? ಲಂಕೇಶರ ‘ಎಲ್ಲಿಂದಲೋ ಬಂದವರು’ ಚಿತ್ರದ ಗತಿಯೂ ಅದೇ. ‘ಕೆಂಪಾದವೋ’ ಹಾಡನ್ನು ಮೂರು ತಲೆಮಾರು ಗುನುಗಿದೆ, ಆ ಹಾಡು ಯಾವ ಸಂದರ್ಭದಲ್ಲಿ ಬರುತ್ತದೆ, ಪರದೆಯ ಮೇಲೆ ಆಗ ಏನಿರುತ್ತದೆ ಎಂದು ಹೇಳಬಲ್ಲವರು ಬೆರಳೆಣಿಕೆಯವರು. ಧ್ವನಿಮುದ್ರಿಕೆಯ ಕಂಪನಿಗಳಿಗೆ ಹಾಡು ಬೇಕಿತ್ತು, ಆಕಾಶವಾಣಿಗೆ ಬೇಕಿತ್ತು, ಆದ್ದರಿಂದ ಹಾಡು ಉಳಿಯಿತು. ಅಜ್ಜನ ದನಿ ಮಾತ್ರ ಉಳಿದು ಮುಖ ಮರೆತುಹೋದ ಮನೆಯ ಹಾಗಾಗಿದೆ ನಮ್ಮ ಸ್ಥಿತಿ.

ಚಿತ್ರ ಏಕೆ ಉಳಿಯಲಿಲ್ಲ ಎಂಬುದಕ್ಕೆ ರಹಸ್ಯವೇನಿಲ್ಲ. ಕನ್ನಡ ಚಿತ್ರಗಳ ಸಂಸ್ಕರಣೆ ದಶಕಗಳ ಕಾಲ ನಡೆದದ್ದು ಮದ್ರಾಸಿನ ಲ್ಯಾಬುಗಳಲ್ಲಿ. ನೆಗೆಟಿವ್ ಅಲ್ಲೇ ಉಳಿಯುತ್ತಿತ್ತು. ಒಂದೋ ಎರಡೋ ಚಿತ್ರ ಮಾಡಿ ಸಾಲದಲ್ಲಿ ಮುಳುಗಿದ ನಿರ್ಮಾಪಕ ತಿರುಗಿ ಅತ್ತ ಹೋಗಲಿಲ್ಲ, ಲ್ಯಾಬಿನ ಬಾಕಿ ತೀರಲಿಲ್ಲ, ಲ್ಯಾಬುಗಳೇ ಒಂದೊಂದಾಗಿ ಬಾಗಿಲು ಹಾಕಿದವು. ಸೆಕೆ, ತೇವ ಎರಡೂ ಇರುವ ಕೋಣೆಯಲ್ಲಿ ಅಸಿಟೇಟ್ ಫಿಲ್ಮು ಕೊಳೆಯಲು ಶುರುವಾದರೆ ಡಬ್ಬದ ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ ಬಡಿಯುತ್ತದೆ. ಫಿಲ್ಮು ಕುಗ್ಗಿ, ಸುರುಟಿ, ಸುತ್ತು ಬಿಡಿಸಲಾಗದಷ್ಟು ಗಟ್ಟಿಯಾಗುತ್ತದೆ. ಬಣ್ಣದ ಚಿತ್ರವಾದರೆ ನೀಲಿ ಹಸಿರುಗಳು ಮಾಸಿ ಎಲ್ಲವೂ ಕೆಂಪಗೆ ಉಳಿಯುತ್ತದೆ. ಕಪ್ಪು–ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಓಡಿ ಮುಗಿದ ಪ್ರಿಂಟುಗಳನ್ನು ಕೆ.ಜಿ. ಲೆಕ್ಕದಲ್ಲಿ ಮಾರಿ ಬೆಳ್ಳಿ ತೆಗೆದರು. ಕನ್ನಡದ ಮೊದಲ ವಾಕ್ಚಿತ್ರ, 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ದ ಒಂದೇ ಒಂದು ಪ್ರತಿ ಉಳಿದಿಲ್ಲ. ಟಿ.ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದ ಮೂಕಿ ಚಿತ್ರ ‘ವಸಂತಸೇನಾ’ವೂ ಇಲ್ಲ. ಕೈಲಾಸಂ ತೆರೆಯ ಮೇಲೆ ಹೇಗೆ ನಡೆದಾಡಿದ್ದರು ಎಂಬುದನ್ನು ಇನ್ನು ಯಾರೂ ಯಾವತ್ತೂ ನೋಡಲಾರರು. ಪುಣೆಯಲ್ಲಿ 1964ರಲ್ಲಿ ಫಿಲ್ಮ್ ಆರ್ಕೈವ್ ಸ್ಥಾಪನೆಯಾಗದಿದ್ದರೆ, ಅಲ್ಲಿ ಪಿ.ಕೆ. ನಾಯರ್ ಎಂಬ ಒಬ್ಬ ಮನುಷ್ಯ ಊರೂರು ಅಲೆದು ಡಬ್ಬಗಳನ್ನು ಕೂಡಿಹಾಕದಿದ್ದರೆ, ಎಪ್ಪತ್ತರ ದಶಕದ ಆ ಹೊಸ ಅಲೆಯ ಚಿತ್ರಗಳಿಗೂ ಇದೇ ಗತಿ ಆಗುತ್ತಿತ್ತು.

ಗಳಿಕೆಯ ಕಡೆಗೂ ಕಣ್ಣು ಹಾಯಿಸಬೇಕು. ಯೂಟ್ಯೂಬ್ ಬಂದ ಮೇಲೆ ಹೆಸರು ಹೇಳದ ಎಷ್ಟೋ ಅಭಿಮಾನಿಗಳು ತಮ್ಮಲ್ಲಿದ್ದ ಹಳೆಯ ಟೇಪುಗಳನ್ನು ಏರಿಸಿದರು. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ಕನ್ನಡಿಗ ಇವತ್ತು ‘ಚೋಮನ ದುಡಿ’ಯ ತುಣುಕನ್ನಾದರೂ ನೋಡಿದ್ದರೆ ಅದು ಅವರ ಪುಣ್ಯ. ಹಕ್ಕಿನ ದೃಷ್ಟಿಯಿಂದ ಅದು ತಪ್ಪಿರಬಹುದು, ಆದರೆ ಹಕ್ಕುದಾರರು ಕೈಬಿಟ್ಟ ಚಿತ್ರವನ್ನು ಎತ್ತಿಕೊಂಡವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಅದಕ್ಕಿಂತ ದೊಡ್ಡ ಗಳಿಕೆ 2024ರಲ್ಲಿ ಕಂಡಿತು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಬೊಲೋನಾದ ಸಿನೆಟೆಕಾ ಸೇರಿ ‘ಘಟಶ್ರಾದ್ಧ’ವನ್ನು ಮೂಲ ನೆಗೆಟಿವ್‌ನಿಂದ 4ಕೆ ರೂಪದಲ್ಲಿ ಪುನರುಜ್ಜೀವನಗೊಳಿಸಿದವು. ಸೆಕೆಂಡಿಗೆ 24 ಫ್ರೇಮಿನಂತೆ ಎರಡು ಗಂಟೆಯ ಚಿತ್ರವೆಂದರೆ 1,72,800 ಫ್ರೇಮುಗಳು. ಒಂದೊಂದನ್ನೂ ತೊಳೆದು, ಸ್ಕ್ಯಾನ್ ಮಾಡಿ, ಗೀರು ಅಳಿಸಿ, ಬೆಳಕು ಹೊಂದಿಸುವ ಕೆಲಸ ಅದು. ಆ ವರ್ಷ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಚಿತ್ರ ತೆರೆಕಂಡಿತು. ನಿರ್ಮಾಪಕ ಸದಾನಂದ ಸುವರ್ಣರು ಅದಕ್ಕೆ ಕೆಲವೇ ವಾರಗಳ ಮೊದಲು, ಜುಲೈನಲ್ಲಿ, ಮಂಗಳೂರಿನಲ್ಲಿ ತೀರಿಕೊಂಡಿದ್ದರು. ಛಾಯಾಗ್ರಾಹಕ ರಾಮಚಂದ್ರ ಅದಕ್ಕೂ ಮೊದಲೇ ಹೋಗಿದ್ದರು. ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಕೂತ ಆ ಕೊನೆಯ ದೃಶ್ಯದಲ್ಲಿ ತಮ್ಮ ಬೆಳಕು ಮತ್ತೆ ಹುಟ್ಟಿದ್ದನ್ನು ನೋಡಲು ಅವರಿರಲಿಲ್ಲ. ನೆಗೆಟಿವ್ ಪುಣೆಯಲ್ಲಿ ಜೋಪಾನವಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಹಾಗಾದರೆ ಉಳಿದವುಗಳಿಗೂ ಸಾಧ್ಯ. ಕೆಲಸ ಇಟಲಿಯಲ್ಲಿ ಆಯಿತು, ಹಣ ಹೊರಗಿನಿಂದ ಬಂತು, ಮೊದಲು ನೋಡಿದವರು ವೆನಿಸ್ಸಿನವರು. ತೀರ್ಥಹಳ್ಳಿಯ ಕಾಲೇಜು ಹುಡುಗಿಗೆ ಆ ಪ್ರತಿ ಯಾವಾಗ ಸಿಗುತ್ತದೆ ಎಂದು ಕೇಳುವುದು ನಮ್ಮ ಕೆಲಸ.

ಕಾನೂನಿನ ತೊಡಕನ್ನು ಎಲ್ಲರೂ ಮುಂದೊಡ್ಡುತ್ತಾರೆ. ನಿರ್ಮಾಪಕರು ತೀರಿಕೊಂಡಿದ್ದಾರೆ, ಮಕ್ಕಳಲ್ಲಿ ಒಬ್ಬರು ಇಲ್ಲಿ ಒಬ್ಬರು ವಿದೇಶದಲ್ಲಿ, ಟೀವಿ ಹಕ್ಕು ಒಬ್ಬರಿಗೆ, ವಿಡಿಯೊ ಹಕ್ಕು ಇನ್ನೊಬ್ಬರಿಗೆ, ಒಪ್ಪಂದದ ಕಾಗದ ಯಾರಲ್ಲೂ ಇಲ್ಲ. ಇದೆಲ್ಲ ನಿಜ. ಆದರೆ ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ನಂತರ ಅರವತ್ತು ವರ್ಷ ಮಾತ್ರ. 1964ರಲ್ಲಿ ಬಂದ ಎನ್. ಲಕ್ಷ್ಮೀನಾರಾಯಣರ ‘ನಾಂದಿ’ 2025ರ ಹೊಸ ವರ್ಷಕ್ಕೆ ಸಾರ್ವಜನಿಕರ ಸೊತ್ತಾಯಿತು. ‘ಸಂಸ್ಕಾರ’ಕ್ಕೂ ಈ ದಶಕ ಮುಗಿದ ಕೂಡಲೇ ಆ ದಿನ ಬರುತ್ತದೆ. ಯಾರು ಬೇಕಾದರೂ ಪ್ರಕಟಿಸಬಹುದು ಎಂಬ ಹಕ್ಕು ಸಿಕ್ಕಾಗ ಪ್ರಕಟಿಸಲು ಯೋಗ್ಯವಾದ ಪ್ರತಿಯೇ ಇಲ್ಲದಿದ್ದರೆ ಆ ಹಕ್ಕಿನಿಂದ ಏನು ಪ್ರಯೋಜನ?

ಇನ್ನು ಸರ್ಕಾರದ ಮಾತು. ಚಿತ್ರೋದ್ಯಮಕ್ಕೆ ಸಹಾಯಧನ ಕೊಡುವುದರಲ್ಲಿ ಕರ್ನಾಟಕ 1960ರ ದಶಕದಿಂದಲೇ ಮುಂದಿತ್ತು. ಹೊಸ ಅಲೆ ಎದ್ದು ನಿಂತದ್ದರಲ್ಲಿ ಆ ಹಣದ ಪಾಲು ದೊಡ್ಡದು. 2025–26ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳ ಭಂಡಾರವೊಂದನ್ನು ಕಟ್ಟಲು 3 ಕೋಟಿ ರೂಪಾಯಿ, ಜೊತೆಗೆ ರಾಜ್ಯದ್ದೇ ಒಂದು ಒಟಿಟಿ ವೇದಿಕೆ ಎಂದು ಘೋಷಣೆಯಾಯಿತು. ನೆರೆಯ ಕೇರಳ 2024ರ ಮಾರ್ಚ್‌ನಲ್ಲೇ ‘ಸಿಸ್ಪೇಸ್’ ಹೆಸರಿನಲ್ಲಿ ತನ್ನ ವೇದಿಕೆಯನ್ನು ಶುರುಮಾಡಿದೆ. ಘೋಷಣೆಯನ್ನು ಮನಸಾರೆ ಸ್ವಾಗತಿಸೋಣ. ಆದರೆ ಒಟಿಟಿ ಎಂದ ಕೂಡಲೇ ಹೊಸ ಚಿತ್ರಗಳ ನಿರ್ಮಾಪಕರ ಸರದಿ ಸಾಲು ನಿಲ್ಲುತ್ತದೆ, ಹಳೆಯ ಚಿತ್ರಕ್ಕೆ ಸಾಲಿನಲ್ಲಿ ನಿಲ್ಲುವವರಿಲ್ಲ. ಆದ್ದರಿಂದ ಕ್ರಮ ಮೊದಲೇ ನಿಗದಿಯಾಗಬೇಕು. ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಚಿತ್ರಗಳ ಮೂಲಸಾಮಗ್ರಿ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ ಮೊದಲು ಬರಲಿ. ಪುಣೆಯ ಆರ್ಕೈವ್‌ನೊಂದಿಗೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ ನಾಲ್ಕು ಚಿತ್ರಗಳನ್ನಾದರೂ ಸರಿಯಾಗಿ ಸ್ಕ್ಯಾನ್ ಮಾಡಿಸಲಿ. ಅವು ಪೆಟ್ಟಿಗೆಯಲ್ಲಿ ಕೂರದೆ ಜಿಲ್ಲಾ ಗ್ರಂಥಾಲಯಕ್ಕೆ, ಕಾಲೇಜಿಗೆ, ಮನೆಗೆ ಬರಲಿ. ಸಹಾಯಧನ ಪಡೆಯುವ ಪ್ರತಿ ಹೊಸ ಚಿತ್ರವೂ ಒಂದು ಸುರಕ್ಷಿತ ಪ್ರತಿಯನ್ನು ಭಂಡಾರಕ್ಕೆ ಒಪ್ಪಿಸಲೇಬೇಕು. ಹಾರ್ಡ್ ಡಿಸ್ಕಿನಲ್ಲಿ ಹುಟ್ಟಿದ ಚಿತ್ರ ಸೆಲ್ಯುಲಾಯ್ಡಿಗಿಂತ ಬೇಗ ಸಾಯುತ್ತದೆ ಎಂಬುದನ್ನು ಈ ಹದಿನೈದು ವರ್ಷಗಳಲ್ಲಿ ಎಷ್ಟೋ ನಿರ್ಮಾಪಕರು ಕಂಡುಕೊಂಡಿದ್ದಾರೆ.

ಓದುಗರಲ್ಲೂ ಒಂದು ವಿನಂತಿ. ಹಿಂದೊಮ್ಮೆ ಚಿತ್ರ ನಿರ್ಮಿಸಿದ, ಹಂಚಿದ, ಟೆಂಟು ನಡೆಸಿದ, ಫಿಲ್ಮ್ ಸೊಸೈಟಿ ಕಟ್ಟಿದ ಹಿರಿಯರು ನಿಮ್ಮ ಮನೆತನದಲ್ಲಿದ್ದರೆ ಅಟ್ಟ, ಕಣಜ, ಗೋಡೌನುಗಳನ್ನು ಒಮ್ಮೆ ನೋಡಿ. ರೀಲಿನ ಡಬ್ಬ, ಹಳೆಯ ಟೇಪು, ಪೋಸ್ಟರು, ಹಾಡಿನ ಪುಸ್ತಕ, ಹಕ್ಕಿನ ಕಾಗದ ಏನೇ ಸಿಕ್ಕರೂ ಗುಜರಿಗೆ ಹಾಕಬೇಡಿ. ವಿನೆಗರ್ ವಾಸನೆ ಬರುತ್ತಿದೆಯೆಂದು ಎಸೆಯಲೂ ಬೇಡಿ. ಅಂಥ ಫಿಲ್ಮಿನಿಂದಲೂ ಚಿತ್ರ ತೆಗೆಯಬಲ್ಲ ತಜ್ಞರಿದ್ದಾರೆ. ಅದನ್ನು ಬೇರೆ ಡಬ್ಬಗಳಿಂದ ದೂರ, ತಂಪಾದ ಒಣ ಜಾಗದಲ್ಲಿಟ್ಟು ಪುಣೆಯ ಆರ್ಕೈವ್‌ಗೆ ಇಲ್ಲವೇ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೆ ಒಂದು ಪತ್ರ ಬರೆಯಿರಿ.